ಕಲ್ಲು ಹೊಲದಿಂದ ಹುಲ್ಲು ಬಯಲಿಗೆ: ಒಂದು ಐರಿಷ್ ಮನೆತನದ ಕೆನಡಾ ಕಥೆ

ವಲಸೆಯ ಚರಿತ್ರೆ ಎಂದರೆ ಸಾಮಾನ್ಯವಾಗಿ ಹಡಗು, ಜಮೀನು ಮತ್ತು ಮನೆಯ ಯಜಮಾನನ ಹೆಸರು. ಐರ್ಲೆಂಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಮೂನಿ ಮನೆತನದ ಕಥೆಯೂ ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಆ ಮನೆಯ ಕಿರಿಯ ಮಗಳು, ಮುಂದೆ ನೆಲ್ಲಿ ಮೆಕ್ಲಂಗ್ ಎಂದು ಹೆಸರಾದವರು, 1935ರಲ್ಲಿ ತಮ್ಮ ಬಾಲ್ಯದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಹೊಲದಲ್ಲಿ ಯಾರು ಯಾರು ದುಡಿದರು, ಹೊಲ ಯಾರ ಹೆಸರಿನಲ್ಲಿತ್ತು ಎಂಬ ಎರಡೂ ಸಂಗತಿ ನಮಗೆ ಸಿಗುವುದು ಇಂಥ ಬರಹಗಳಿಂದ.

ಐರಿಷ್ ವಲಸೆ ಎಂದೊಡನೆ ನೆನಪಾಗುವುದು 1845ರಲ್ಲಿ ಆರಂಭವಾದ ಆಲೂಗಡ್ಡೆ ಕ್ಷಾಮ. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1847ರಲ್ಲಿ ಕ್ವಿಬೆಕ್ ಸಮೀಪದ ಗ್ರೋಸ್ ಈಲ್ ದ್ವೀಪದಲ್ಲಿ, ಜ್ವರದಿಂದ ಸತ್ತ 5,000ಕ್ಕೂ ಹೆಚ್ಚು ವಲಸಿಗರನ್ನು ಹೂಳಬೇಕಾಯಿತು. ಆದರೆ ಇಂದಿನ ಒಂಟಾರಿಯೊ ಪ್ರಾಂತ್ಯದ ಬಹಳಷ್ಟು ಐರಿಷ್ ಕುಟುಂಬಗಳು ಕ್ಷಾಮಕ್ಕೆ ಮೊದಲೇ ಬಂದವು. ಟಿಪ್ಪರೆರಿ ಪ್ರದೇಶದ ಜಾನ್ ಮೂನಿ ಬಂದದ್ದೂ 1830ರಲ್ಲಿ. ಆಗಿನ್ನೂ ಹರೆಯದ ಹುಡುಗ. ಅವರು ಸೇರಿದ ಊರು ಬೈಟೌನ್. ಅಲ್ಲಿ ರಿಡೋ ಕಾಲುವೆ ತೋಡಲು ಸಾವಿರಾರು ಐರಿಷ್ ಕೂಲಿಗಳು ದುಡಿಯುತ್ತಿದ್ದ ಕಾಲವದು. ಮೂನಿ ಮರ ಕಡಿಯುವ ಕೆಲಸ ಹಿಡಿದರು.

ಮುಂದೆ ಗ್ರೇ ಕೌಂಟಿಯ ಚಾಟ್ಸ್‌ವರ್ತ್ ಎಂಬ ಹಳ್ಳಿಯ ಬಳಿ, ಗಾರಫ್ರಾಕ್ಸಾ ರಸ್ತೆಯ ಪಕ್ಕದಲ್ಲಿ ಅವರು ಜಮೀನು ಮಾಡಿಕೊಂಡರು. ಕಾಡು ಕಡಿದು ನೆಲೆಸುವವರಿಗೆ ಸರ್ಕಾರ ಆ ರಸ್ತೆಯುದ್ದಕ್ಕೂ 50 ಎಕರೆ ಉಚಿತವಾಗಿ ಕೊಡುತ್ತಿತ್ತು. ಆದರೆ ನೆಲ ಕಲ್ಲು ನೆಲ. ಸ್ಕಾಟ್‌ಲೆಂಡಿನ ಡಂಡೀಯಿಂದ ಬಂದಿದ್ದ ಲೆಟಿಷಿಯಾ ಮೆಕರ್ಡಿ ಅವರನ್ನು ಮದುವೆಯಾಗಿ, ಆರು ಮಕ್ಕಳ ಸಂಸಾರ ಬೆಳೆಯಿತು. ಕೊನೆಯವಳು ನೆಲ್ಲಿ ಹುಟ್ಟಿದ್ದು 1873ರ ಅಕ್ಟೋಬರ್ 20ರಂದು. ಗಂಡುಮಕ್ಕಳು ದೊಡ್ಡವರಾದಂತೆ, ಈ ಹೊಲ ಎಲ್ಲರನ್ನೂ ಸಾಕಲಾರದು ಎಂಬುದು ಮನೆಯವರಿಗೆ ಮನವರಿಕೆಯಾಯಿತು.

ಪಶ್ಚಿಮದ ಮ್ಯಾನಿಟೋಬಾದಲ್ಲಿ ಆಗ ಜಮೀನು ಸಿಗುತ್ತಿತ್ತು. 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆಯಂತೆ 10 ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ. ಮೂರು ವರ್ಷ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಉಳುಮೆ ಮಾಡಿ ತೋರಿಸಿದರೆ ಹಕ್ಕುಪತ್ರ. ಹಿರಿಯ ಮಗ ಮೊದಲು ಹೋಗಿ ನೋಡಿ ಬಂದ. 1880ರಲ್ಲಿ ಇಡೀ ಕುಟುಂಬ ಹೊರಟಿತು. ಕೆನಡಾದ ನೆಲದಲ್ಲೇ ಸಾಗುವ ರೈಲು ಹಾದಿ ಪೂರ್ಣವಾದದ್ದು 1885ರಲ್ಲಿ. ಹಾಗಾಗಿ ಇವರು ಮಹಾಸರೋವರಗಳನ್ನು ದೋಣಿಯಲ್ಲಿ ದಾಟಿ, ಆಮೇಲೆ ರೈಲಿನಲ್ಲಿ ವಿನಿಪೆಗ್ ಕಡೆಗೆ ಬಂದು, ಅಲ್ಲಿಂದ ಸೂರಿಸ್ ನದಿಯ ಬಯಲಿಗೆ ಎತ್ತಿನ ಗಾಡಿಯಲ್ಲಿ ಸಾಗಬೇಕಾಯಿತು.

ಆ ಬಯಲು ಖಾಲಿ ನೆಲವಾಗಿರಲಿಲ್ಲ. ಅದು ಮೂಲನಿವಾಸಿಗಳ ಮತ್ತು ಮೇಟಿ ಜನರ ನೆಲ. 1871ರ ಒಪ್ಪಂದಗಳ ನಂತರ ಮೂಲನಿವಾಸಿಗಳನ್ನು ಸಣ್ಣ ಮೀಸಲು ಪ್ರದೇಶಗಳಿಗೆ ಸರಿಸಿದ್ದರಿಂದಲೇ ಸರ್ಕಾರಕ್ಕೆ ಹೀಗೆ ಹಂಚಲು ಸಾಧ್ಯವಾಯಿತು. ವಲಸಿಗರ ಕಷ್ಟ ಹೇಳುವಾಗ ಈ ಮಾತನ್ನು ಬಿಡುವಂತಿಲ್ಲ.

ಮೂನಿ ಮನೆಯಲ್ಲಿ ಎಲ್ಲರೂ ದುಡಿದರು. ಹತ್ತಿರದಲ್ಲಿ ಶಾಲೆ ಇರಲಿಲ್ಲ. ನೆಲ್ಲಿ ದನ ಕಾಯುತ್ತಿದ್ದಳು, ಹತ್ತು ವರ್ಷ ತುಂಬುವಾಗ ಶಾಲೆಯ ಮೆಟ್ಟಿಲು ಹತ್ತಿದಳು. ಬಯಲಿನ ಮನೆಗಳಲ್ಲಿ ಬೆಣ್ಣೆ ಕಡೆಯುವುದು, ಕೋಳಿ ಸಾಕುವುದು, ಬಟ್ಟೆ ಹೊಲಿಯುವುದು, ಸೋಪು ಕಾಯಿಸುವುದು, ಬಾಣಂತನ ಎಲ್ಲವೂ ಹೆಂಗಸರ ಪಾಲಿಗೆ. ಬೆಳೆ ಕೈಕೊಟ್ಟ ವರ್ಷ ಬೆಣ್ಣೆ, ಮೊಟ್ಟೆಯ ಕಾಸೇ ಎಷ್ಟೋ ಸಂಸಾರಗಳನ್ನು ದಡ ಸೇರಿಸುತ್ತಿತ್ತು.

ಆದರೆ ಕಾಯ್ದೆಯ ಕಣ್ಣಿಗೆ ರೈತ ಎಂದರೆ ಗಂಡಸು. ವಯಸ್ಸಿಗೆ ಬಂದ ಯಾವ ಗಂಡಸಾದರೂ 160 ಎಕರೆ ಕೇಳಬಹುದಿತ್ತು. ಹೆಣ್ಣು ಕೇಳಬೇಕಾದರೆ ಒಂಟಿಯಾಗಿ ಸಂಸಾರ ಹೊತ್ತವಳಾಗಿರಬೇಕು, ಅಂದರೆ ಹೆಚ್ಚಾಗಿ ಮಕ್ಕಳಿರುವ ವಿಧವೆ. ಗಂಡನ ಜಮೀನಿನಲ್ಲಿ ಹೆಂಡತಿಗೆ ಸಂಪ್ರದಾಯದಂತೆ ಇದ್ದ ಪಾಲಿನ ಹಕ್ಕನ್ನು ಮ್ಯಾನಿಟೋಬಾ 1885ರಲ್ಲಿ ತೆಗೆದುಹಾಕಿತು. ಇಪ್ಪತ್ತು ವರ್ಷ ಜೊತೆಗೆ ದುಡಿದವಳನ್ನು ಕೇಳದೆಯೇ ಗಂಡ ಹೊಲ ಮಾರಬಹುದಿತ್ತು.

ಹಳ್ಳಿಯ ಪಿಕ್‌ನಿಕ್‌ನಲ್ಲಿ ಓಟದ ಪಂದ್ಯಕ್ಕೆ ಸೇರಬೇಕೆಂದು ಆಸೆಪಟ್ಟಾಗ, ಹುಡುಗಿಯರು ಓಡಿದರೆ ಲಂಗ ಹಾರಿ ಕಾಲು ಕಾಣುತ್ತದೆ ಎಂದು ತನ್ನನ್ನು ತಡೆದದ್ದನ್ನು ನೆಲ್ಲಿ ಬರೆದಿದ್ದಾರೆ. ಹದಿನಾರಕ್ಕೇ ಅವರು ಶಿಕ್ಷಕಿಯಾದರು. 1896ರಲ್ಲಿ ಔಷಧದಂಗಡಿ ನಡೆಸುತ್ತಿದ್ದ ವೆಸ್ಲಿ ಮೆಕ್ಲಂಗ್ ಅವರನ್ನು ಮದುವೆಯಾದರು. 1908ರಲ್ಲಿ ಮೊದಲ ಕಾದಂಬರಿ ಪ್ರಕಟವಾಯಿತು. ಆಮೇಲೆ ಮತದಾನದ ಹಕ್ಕಿಗಾಗಿ ಬೀದಿಗಿಳಿದರು.

1914ರ ಜನವರಿಯಲ್ಲಿ ಮ್ಯಾನಿಟೋಬಾದ ಪ್ರಧಾನಿ ರೋಬ್ಲಿನ್ ಅವರು ಮಹಿಳೆಯರ ಬೇಡಿಕೆಯನ್ನು ತಳ್ಳಿಹಾಕಿದರು. ಮರುದಿನ, 28ರಂದು, ವಿನಿಪೆಗ್‌ನ ವಾಕರ್ ಥಿಯೇಟರಿನಲ್ಲಿ ಮಹಿಳೆಯರು ಅಣಕು ಶಾಸನಸಭೆ ನಡೆಸಿದರು. ಅಲ್ಲಿ ಹೆಂಗಸರದೇ ಸರ್ಕಾರ. ವೋಟು ಕೊಡಿ ಎಂದು ಬೇಡಲು ಬರುವವರು ಗಂಡಸರು. ಪ್ರಧಾನಿಯ ಪಾತ್ರ ಮಾಡಿದ ನೆಲ್ಲಿ, ರೋಬ್ಲಿನ್ ಅವರ ಧಾಟಿಯಲ್ಲೇ ಗಂಡಸರನ್ನು ನಯವಾಗಿ ಹೊಗಳಿ ವಾಪಸು ಕಳಿಸಿದರು. ತುಂಬಿದ ಸಭೆ ನಕ್ಕು ಸುಸ್ತಾಯಿತು. ಎರಡು ವರ್ಷದ ನಂತರ, 1916ರ ಜನವರಿ 28ರಂದು, ಕೆನಡಾದಲ್ಲೇ ಮೊದಲು ಮ್ಯಾನಿಟೋಬಾ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು. 1918ರಲ್ಲಿ ಜಮೀನಿನ ಮೇಲಿನ ಹೆಂಡತಿಯ ಹಕ್ಕೂ ಮರಳಿತು.

ಕೆನಡಾದ ಸೆನೆಟ್ಟಿಗೆ ನೇಮಕವಾಗಲು ಹೆಣ್ಣು ಕಾನೂನಿನ ಪ್ರಕಾರ 'ವ್ಯಕ್ತಿ' ಹೌದೇ ಎಂಬ ಪ್ರಶ್ನೆಯನ್ನು 1927ರಲ್ಲಿ ಎತ್ತಿದ ಐವರಲ್ಲಿ ನೆಲ್ಲಿಯೂ ಒಬ್ಬರು. ಕೆನಡಾದ ಸುಪ್ರೀಂ ಕೋರ್ಟ್ 1928ರಲ್ಲಿ ಅಲ್ಲ ಎಂದಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ 1929ರ ಅಕ್ಟೋಬರ್ 18ರಂದು ಹೌದು ಎಂದಿತು. ಆಗ ಭಾರತದ ಮೊಕದ್ದಮೆಗಳಿಗೂ ಕೊನೆಯ ಮೇಲ್ಮನವಿ ಅಲ್ಲಿಯೇ.

ನೆಲ್ಲಿಯವರ ಎಲ್ಲ ನಿಲುವುಗಳೂ ಮೆಚ್ಚುವಂಥವಲ್ಲ. ಮಾನಸಿಕ ದುರ್ಬಲರೆಂದು ಗುರುತಿಸಿದವರಿಗೆ ಸಂತಾನಶಕ್ತಿ ಹರಣ ಮಾಡುವ ಆಲ್ಬರ್ಟಾದ 1928ರ ಕಾನೂನನ್ನು ಅವರು ಬೆಂಬಲಿಸಿದ್ದರು. ಮೂಲನಿವಾಸಿ ಮಹಿಳೆಯರು ತಮ್ಮ ಸ್ಥಾನಮಾನ ಬಿಟ್ಟುಕೊಡದೆ ಕೆನಡಾದ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಪಡೆಯಲು 1960ರವರೆಗೆ ಕಾಯಬೇಕಾಯಿತು. ಒಂದು ಮನೆಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ, ಅದೇ ನೆಲದ ಮೊದಲ ಹೆಣ್ಣುಮಕ್ಕಳು ಹೊರಗೇ ಉಳಿದರು.

ಜಾನ್ ಮೂನಿ ಮರ ಕಡಿಯಲು ಬಂದಿಳಿದ ಬೈಟೌನ್ 1855ರಲ್ಲಿ ಒಟ್ಟಾವಾ ಆಯಿತು, ಮುಂದೆ ಕೆನಡಾದ ರಾಜಧಾನಿಯೂ ಆಯಿತು. 2000ದಲ್ಲಿ ಅಲ್ಲಿಯ ಪಾರ್ಲಿಮೆಂಟ್ ಗುಡ್ಡದ ಮೇಲೆ ಆ ಐವರು ಮಹಿಳೆಯರ ಕಂಚಿನ ಪ್ರತಿಮೆಗಳನ್ನು ಅನಾವರಣ ಮಾಡಿದರು. ಅವರಲ್ಲಿ ಒಬ್ಬರು, ದನ ಕಾಯುತ್ತ ಬೆಳೆದ ಅವರ ಕಿರಿಯ ಮಗಳು.