ಎರಡನೇ ಬಾಗಿಲು

2016ರ ಏಪ್ರಿಲ್ ತಿಂಗಳು. ಬೆಳ್ತಂಗಡಿ ತಾಲೂಕಿನ ನಮ್ಮ ಕಾಲೊನಿಯ ಮನೆಯ ಜಗಲಿಯಲ್ಲಿ ಅಮ್ಮ ಬೀಡಿಯ ಎಲೆ ಕತ್ತರಿಸುತ್ತಿದ್ದಳು. ನಾನು ರಸಾಯನಶಾಸ್ತ್ರದ ಪುಸ್ತಕ ಹಿಡಿದು ಕೂತಿದ್ದೆ. "ಪರೀಕ್ಷೆ ಬರೆದಾಯಿತಲ್ಲ ಮಗಾ, ಮತ್ತೆ ಎಂತ ಓದುವುದು?" ಅಂತ ಕೇಳಿದಳು. (ಕೇಳಿದ್ದು ತುಳುವಿನಲ್ಲಿ.) ಬರೆದದ್ದು ರದ್ದಾಗಿದೆ, ಪುನಃ ಬರೆಯಬೇಕು ಅಂದೆ. "ಅದು ಬರೆದರೆ ಮುಗಿಯಿತಾ?" ಇಲ್ಲ, ಸಿಇಟಿ ಅಂತ ಇನ್ನೊಂದು ಉಂಟು. "ಅದಕ್ಕೆ ಬೇರೆ ಪಾಠವಾ?" ಅಲ್ಲ, ಅದೇ ಪಾಠ. ಅಮ್ಮ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಅದೇ ಪಾಠಕ್ಕೆ ಎರಡು ಪರೀಕ್ಷೆ ಯಾಕೆ?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಓದುವವರಿಗೇ ಗೊತ್ತಿಲ್ಲದ್ದನ್ನು ಓದದವಳು ಕೇಳಿದ್ದಳು. ಆಮೇಲೆ ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಈ ಪ್ರಶ್ನೆಗೆ ಉತ್ತರ ಶಿಕ್ಷಣ ಇಲಾಖೆಯ ಸುತ್ತೋಲೆಯಲ್ಲಿ ಇಲ್ಲ, ಚರಿತ್ರೆಯಲ್ಲಿ ಉಂಟು.

ಮೊದಲ ಬಾಗಿಲಿನಿಂದ ಶುರು ಮಾಡೋಣ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಶಾಲೆ ಒಪ್ಪಲಿಲ್ಲ. ಮುಂಬಯಿ ಸರ್ಕಾರವೂ ಕೈ ತೊಳೆದುಕೊಂಡಿತು. ಒಬ್ಬ ಹುಡುಗನಿಗಾಗಿ ಶಾಲೆಯೇ ಉಳಿದವರಿಗೆ ಬೇಡವಾಗಿಬಿಡುತ್ತದೆ ಎಂಬುದು ಅವರ ಲೆಕ್ಕ. ಆ ಹುಡುಗ ಯಾವ ಪರೀಕ್ಷೆಯಲ್ಲಿಯೂ ಫೇಲಾಗಿರಲಿಲ್ಲ, ಅವನಿಗೆ ಪರೀಕ್ಷೆಯನ್ನೇ ಇಡಲಿಲ್ಲ. ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಪ್ರಕರಣವನ್ನು ಎತ್ತಿ ತೋರಿಸಿದರು. ನಮ್ಮ ಕಡೆ 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ತಮ್ಮ ಶಾಲೆಯಲ್ಲಿ ಓದಿದ ಮಗು ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಗೆ ಬೀಳಲಿ ಎಂದು ಅವರು ಬಯಸಿದ್ದರು ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಉಂಟು. ರಂಗರಾಯರಿಗೆ ಅವರ ಜಾತಿಯವರು ಕೊಟ್ಟ ಕಷ್ಟದ ಕತೆ ಮಾತ್ರ ಅಷ್ಟು ಬಾಯಲ್ಲಿ ಇಲ್ಲ.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮೇಷ್ಟ್ರಾದರು, ಶಾಲಾ ಇನ್‌ಸ್ಪೆಕ್ಟರಾದರು, ಕನ್ನಡದ ಮಕ್ಕಳಿಗೆಲ್ಲ ಪಾಠಪುಸ್ತಕ ಬರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಪದ್ಯ ನಾನೂ ಕಲಿತವಳೇ. ಆದರೆ ಆ ಪುಸ್ತಕ ಬಿಡಿಸಿದ ಬೆಂಚಿನಲ್ಲಿ ನನ್ನ ಅಜ್ಜ ಕೂತವನಲ್ಲ. ಅವನು ಧಣಿಗಳ ಗದ್ದೆಯಲ್ಲಿ ಮೂಲದಾಳು.

ಶಾಲೆಯ ಬಾಗಿಲು ನಿಧಾನಕ್ಕೆ ತೆರೆಯಿತು. ತೆರೆಯುತ್ತಿದ್ದ ಹಾಗೆ ಜಗಳ ಮುಂದಿನ ಬಾಗಿಲಿಗೆ, ಅಂದರೆ ಡಾಕ್ಟರು ಎಂಜಿನಿಯರು ಆಗುವ ಕಾಲೇಜಿನ ಬಾಗಿಲಿಗೆ ಹೋಯಿತು. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು, ಹಾಗಾಗಿ ನಮ್ಮ ಸೀಟಿನ ಚರಿತ್ರೆಯೂ ಮದರಾಸಿನದೇ. ಅಲ್ಲಿನ ಕಮ್ಯುನಲ್ ಜಿ.ಒ. ಪ್ರಕಾರ ಪ್ರತಿ 14 ಸೀಟಿನಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ 1, ಮುಸ್ಲಿಮರಿಗೆ 1. ಇದರಿಂದ ತನ್ನ ಹಕ್ಕಿಗೆ ಧಕ್ಕೆಯಾಯಿತೆಂದು ಚಂಪಕಂ ದೊರೈರಾಜನ್ ಎಂಬ ಬ್ರಾಹ್ಮಣ ಮಹಿಳೆ ಕೋರ್ಟಿಗೆ ಹೋದರು. 1951ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ತಮಾಷೆ ಎಂದರೆ ಆಕೆ ಮೆಡಿಕಲ್ ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಧಾರವಾಡದ ಹುಡುಗ ಅರ್ಜಿ ಹಾಕಿ ಸೋತ. ಇಲ್ಲಿ ಅರ್ಜಿ ಹಾಕದವರು ಗೆದ್ದರು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೇ ವಿಧಿ ಸೇರಿಸಿದ್ದರಿಂದ ನಾವು ಉಳಿದೆವು.

ಮೈಸೂರು ರಾಜ್ಯಕ್ಕೆ ಬಂದ ಮೇಲೂ ಕತೆ ಅದೇ. 1962ರಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇಕಡಾ 68ನ್ನು ಮೀಸಲಿಟ್ಟ ಸರ್ಕಾರದ ಆದೇಶ ಬಾಲಾಜಿ ಪ್ರಕರಣದಲ್ಲಿ ಬಿದ್ದುಹೋಯಿತು. ಆಗ ಸೀಟು ಕೊಡುವಾಗ ಅಂಕದ ಜೊತೆ ಸಂದರ್ಶನವೂ ಇತ್ತು. ಮುಖ ನೋಡಿ, ಮಾತು ಕೇಳಿ, ಅಪ್ಪನ ಹೆಸರು ಕೇಳಿ ಅಂಕ ಹಾಕುವುದು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿ ತಪ್ಪಲ್ಲ ಅಂದಿತು. ಗೆಳೆಯರೆ, ಸಿಇಟಿಯನ್ನು ಬಯ್ಯುವ ಮೊದಲು ಈ ಸಂದರ್ಶನವನ್ನು ನೆನಪಿಟ್ಟುಕೊಳ್ಳಿ. ಉತ್ತರದ ಹಾಳೆಯಲ್ಲಿ ಕಪ್ಪು ಮಾಡಿದ ಒಂದು ಚುಕ್ಕೆಗೆ ಜಾತಿ ಗೊತ್ತಾಗುವುದಿಲ್ಲ. ಅಷ್ಟರ ಮಟ್ಟಿಗೆ ಅದು ನಮಗೆ ಬಂದ ಲಾಭವೇ.

ಇಷ್ಟರಲ್ಲಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕಾನೂನು. ಬಂಟ್ವಾಳ, ಬೆಳ್ತಂಗಡಿಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಹಾಕಿ ಭೂಮಿ ಪಡೆದರು. ಅಡಿಕೆ ತೋಟ ಕೈಗೆ ಬಂದ ಮನೆಗಳಿಂದ ಮಕ್ಕಳು ಕಾಲೇಜಿಗೆ ಹೋದರು. ಅದು ಒಳ್ಳೆಯದೇ ಆಯಿತು. ಆದರೆ ಒಕ್ಕಲಿನ ಗದ್ದೆಯಲ್ಲಿ ದುಡಿದ ಮೂಲದಾಳಿಗೆ ಡಿಕ್ಲರೇಷನ್ ಹಾಕಲು ಗೇಣಿ ಚೀಟು ಎಲ್ಲಿತ್ತು? ಅವನಿಗೆ ಸಿಕ್ಕಿದ್ದು ಗುಡ್ಡದ ಬದಿಯ ಐದು ಸೆಂಟ್ಸು, ಹತ್ತು ಸೆಂಟ್ಸು. ತೋಟ ಇಲ್ಲದ ಮನೆಗಳನ್ನು ಓದಿಸಿದ್ದು ಬೀಡಿ. ಹೆಂಗಸರು ಎಲೆ ನೆನೆಸಿ, ಕತ್ತರಿಸಿ, ಸುರುಟಿ, ನೂಲು ಕಟ್ಟಿ, ಬ್ರಾಂಚಿಗೆ ಕೊಟ್ಟು, ಅಲ್ಲಿ ಕಳೆದದ್ದು ಕಳೆದು ಉಳಿದ ದುಡ್ಡಿನಲ್ಲಿ ಫೀಸು. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾನೂನಿನಿಂದ ಬಂದ ವಿದ್ಯಾರ್ಥಿವೇತನದಲ್ಲಿ ನಾನೂ ಪುಸ್ತಕ ಕೊಂಡಿದ್ದೇನೆ. ಕರಾವಳಿಯ ಅಕ್ಷರದ ಚರಿತ್ರೆ ಬರೆಯುವವರು ಮಿಷನ್ನಿನ ಅಚ್ಚುಮೊಳೆ ಬಗ್ಗೆ ಬರೆಯುತ್ತಾರೆ, ಬೀಡಿಯ ಗೆರಸೆಯ ಬಗ್ಗೆ ಬರೆಯುವುದಿಲ್ಲ.

ಇನ್ನು ದುಡ್ಡಿನ ಸೀಟು. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರುವಾಯಿತು. ಮುಂದೆ ಅಂಥ ಕಾಲೇಜುಗಳು ರಾಜ್ಯದ ತುಂಬ ಎದ್ದವು, ಕ್ಯಾಪಿಟೇಷನ್ ಎಂಬ ಇಂಗ್ಲಿಷ್ ಶಬ್ದ ಹಳ್ಳಿಯವರಿಗೂ ಬಾಯಿಪಾಠ ಆಯಿತು. 1984ರಲ್ಲಿ ಸರ್ಕಾರ ಕ್ಯಾಪಿಟೇಷನ್ ನಿಷೇಧದ ಕಾನೂನು ತಂದಿತು. 1989ರಲ್ಲಿ ಅದೇ ಕಾನೂನಿನ ಅಡಿಯಲ್ಲಿ ಹೊರಡಿಸಿದ ಆದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿನಲ್ಲಿ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಮೋಹಿನಿ ಜೈನ್ ಎಂಬ ಉತ್ತರದ ವಿದ್ಯಾರ್ಥಿನಿ ಈ 60,000ವನ್ನು ಪ್ರಶ್ನಿಸಿದರು. 1992ರಲ್ಲಿ ಕೋರ್ಟು ಕ್ಯಾಪಿಟೇಷನ್ ತಪ್ಪು ಅಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕು ಎಂದಿತು. ಆ ತೀರ್ಪಿನ ಬೆನ್ನಿಗೇ 1994ರಲ್ಲಿ ಬೆಂಗಳೂರಿನಲ್ಲಿ ಸಿಇಟಿ ಘಟಕ ಹುಟ್ಟಿತು. ಇವತ್ತಿನ ಪರೀಕ್ಷಾ ಪ್ರಾಧಿಕಾರ ಅದೇ.

ಅಂದರೆ ಅಮ್ಮಾ, ಎರಡನೇ ಪರೀಕ್ಷೆ ಬಂದದ್ದು ದುಡ್ಡಿನ ಸೀಟಿನವರನ್ನು ತಡೆಯುವುದಕ್ಕೆ. ಸೂಟ್‌ಕೇಸು ಹಿಡಿದು ಮ್ಯಾನೇಜ್‌ಮೆಂಟಿನ ಕೋಣೆಗೆ ಹೋಗುವ ಬದಲು ಎಲ್ಲರೂ ಒಂದೇ ದಿನ ಒಂದೇ ಪ್ರಶ್ನೆಗೆ ಉತ್ತರಿಸಲಿ ಎಂದು. ಆದರೆ ಬೇಲಿ ಹಾಕಿದ ಮೇಲೆ ಸೂಟ್‌ಕೇಸು ಸುಮ್ಮನೆ ಕೂರಲಿಲ್ಲ. ಮೊದಲು ಕಾಲೇಜಿಗೆ ಹೋಗುತ್ತಿದ್ದ ದುಡ್ಡು ಈಗ ಎರಡು ವರ್ಷ ಮೊದಲೇ ಕೋಚಿಂಗಿಗೆ ಹೋಗತೊಡಗಿತು.

ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿ ನೋಡಿ ಬರುತ್ತಾರೆ, 1430ರಲ್ಲಿ ಕಟ್ಟಿದ್ದು. ಅದೇ ಊರಿನ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ತಾಳೆಗರಿ ಗ್ರಂಥಗಳು ಇದ್ದವು. ಶತಮಾನಗಟ್ಟಲೆ ಅವುಗಳ ದರ್ಶನ ಮಾಡಬಹುದಿತ್ತು, ಓದುವ ಹಾಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ರತಿ ಮಾಡಲು ಶುರುವಾಗಿ, ಅಚ್ಚಾಗಿ ಬರಲು 1939 ಬೇಕಾಯಿತು. ಇವತ್ತು ಅದೇ ಊರು ಪಿಯು ಕಾಲೇಜುಗಳ ಊರು. ರಾಜ್ಯದ ಎಲ್ಲ ಮೂಲೆಗಳಿಂದ ಮಕ್ಕಳು ಬಂದು ಹಾಸ್ಟೆಲಿನಲ್ಲಿ ನಿಂತು ಪಿಯುಸಿ, ಸಿಇಟಿ, ನೀಟ್ ಮೂರನ್ನೂ ಒಟ್ಟಿಗೆ ಅರೆದು ಕುಡಿಯುತ್ತಾರೆ. ಪುಸ್ತಕ ಈಗ ಎಲ್ಲರಿಗೂ ಸಿಗುತ್ತದೆ. ಸಿಗದೆ ಇರುವುದು ಸಮಯ ಮತ್ತು ಅಭ್ಯಾಸ.

ಯಾಕೆ ಅಂತ ಹೇಳುತ್ತೇನೆ. ಪಿಯುಸಿ ಭೌತಶಾಸ್ತ್ರಕ್ಕೆ 70 ಅಂಕದ ಬರಹ, 30 ಅಂಕದ ಪ್ರಾಯೋಗಿಕ. ಅಲ್ಲಿ ಸೂತ್ರವನ್ನು ಹಂತ ಹಂತವಾಗಿ ಬಿಡಿಸಿ ಚಿತ್ರ ಬರೆದು ತೋರಿಸಬೇಕು, ಅರ್ಧ ಬರೆದರೂ ಅರ್ಧ ಅಂಕ ಉಂಟು. ಸಿಇಟಿಯಲ್ಲಿ ಅದೇ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ಅಲ್ಲಿ ಬಿಡಿಸುತ್ತಾ ಕೂತವನು ಕೆಟ್ಟ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಬಿಡುವ ಧೈರ್ಯವನ್ನೂ ಕಲಿಯಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಒಂದನ್ನು ಬಿಟ್ಟು ಒಂದನ್ನು ಹಿಡಿಯುವ ಹಾಗಿಲ್ಲ. ಮಾರ್ಚಿನಲ್ಲಿ ಒಂದು ಕೈ, ಏಪ್ರಿಲಿನಲ್ಲಿ ಇನ್ನೊಂದು ಕೈ. ಸರ್ಕಾರಿ ಕಾಲೇಜಿನ ಮೇಷ್ಟ್ರು ಮೊದಲನೆಯದನ್ನು ಕಲಿಸುತ್ತಾರೆ, ಅವರ ಸಂಬಳ ಅದಕ್ಕೆ. ಎರಡನೆಯದನ್ನು ಹೊರಗೆ ಕೊಳ್ಳಬೇಕು.

ನಾನು ಓದಿದ ಕಾಲೇಜಿನಲ್ಲಿ ನಾಲ್ಕು ಗಂಟೆಗೆ ಬೆಲ್ಲಾಗುತ್ತಿತ್ತು. ಕೋಚಿಂಗಿಗೆ ಬೇರೆ ಫೀಸು ಕಟ್ಟಿದವರು ಅದೇ ಬೆಂಚಿನಲ್ಲಿ ಉಳಿಯುತ್ತಿದ್ದರು. ನಾವು ನಾಲ್ಕೈದು ಮಂದಿ ಚೀಲ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದೆವು; ಊರಿಗೆ ಅದೇ ಕೊನೆಯ ಬಸ್ಸು. ಬಾಗಿಲು ದಾಟುವಾಗ ಒಳಗೆ ಪಾಠ ಶುರುವಾದದ್ದು ಕೇಳುತ್ತಿತ್ತು. ಕೇಳಿದರೆ ಒಬ್ಬ ಉಪನ್ಯಾಸಕರು ನಗುತ್ತಾ "ನಿಂಗೆಂತ ಟೆನ್ಶನ್, ಕೋಟಾ ಉಂಟಲ್ಲ" ಅಂದರು. ಆ ನಗುವಿನಲ್ಲಿ ಕೆಡುಕು ಇರಲಿಲ್ಲ ಎಂದು ಕಾಣುತ್ತದೆ. ಅದೇ ಹೆಚ್ಚು ಭಯದ್ದು.

ಕೋಟಾ ಉಂಟು, ನಿಜ. 2022ರಲ್ಲಿ ಪರಿಶಿಷ್ಟ ಜಾತಿಗೆ 15 ಇದ್ದದ್ದು 17 ಆಯಿತು, ಪಂಗಡಕ್ಕೆ 3 ಇದ್ದದ್ದು 7. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತು ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಉಂಟು. ಹಳ್ಳಿಯ ಮೇಷ್ಟ್ರುಗಳೇ, ಇದು ನಿಮ್ಮ ಕೈಯಲ್ಲಿ ಉಂಟು: ನೀವು ಬರೆದುಕೊಟ್ಟು ಬಿಇಓ ಸಹಿ ಹಾಕಿದ ಒಂದು ಹಾಳೆಯಿಂದ ಹಕ್ಕು ಸಿಗುತ್ತದೆ, ಅರ್ಜಿಯಲ್ಲಿ ಆ ಕಲಂ ತುಂಬದೆ ಬಿಟ್ಟರೆ ಹತ್ತು ವರ್ಷದ ಓದು ಅಲ್ಲಿಗೆ ನೀರಿಗೆ ಬಿತ್ತು. ಆದರೆ ಕೋಟಾ ಇರುವುದು ಸೀಟಿಗೆ. ನಾಲ್ಕು ಗಂಟೆಯ ನಂತರದ ಪಾಠಕ್ಕೆ ಕೋಟಾ ಇಲ್ಲ.

ಈಗ ನನ್ನ 2016. ಮಾರ್ಚ್ 21ಕ್ಕೆ ರಸಾಯನಶಾಸ್ತ್ರ ಬರೆದೆವು. ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎಂದು ರದ್ದು ಮಾಡಿದರು. ಮಾರ್ಚ್ 31ಕ್ಕೆ ಮರುಪರೀಕ್ಷೆ ಅಂದರು. ಅದೂ ಸೋರಿತು, ಬರೆಯುವ ಮೊದಲೇ ರದ್ದು. ಕೊನೆಗೆ ಏಪ್ರಿಲ್ 12. ಸಿಇಟಿ ಮೇ ಮೊದಲ ವಾರ. ಅಷ್ಟರಲ್ಲಿ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ಮೆಡಿಕಲ್‌ಗೆ ಆ ವರ್ಷದಿಂದಲೇ ನೀಟ್ ಕಡ್ಡಾಯ ಅಂದಿತು. ಮೊದಲ ನೀಟ್ ಮೇ 1ಕ್ಕೆ, ಅಂದರೆ ಮೂರೇ ದಿನ! ಮೇ 24ರ ಸುಗ್ರೀವಾಜ್ಞೆ ಆ ವರ್ಷದ ಮಟ್ಟಿಗೆ ರಾಜ್ಯದ ಸೀಟುಗಳನ್ನು ಉಳಿಸಿತು. ಕೋಚಿಂಗಿನ ಮಕ್ಕಳಿಗೆ ಯಾವುದಕ್ಕೆ ಓದಬೇಕು ಎಂದು ಹೇಳುವವರಿದ್ದರು. ನಮಗೆ ಪೇಪರಿನಲ್ಲಿ ಬಂದದ್ದೇ ಸುದ್ದಿ, ಪೇಪರು ನೋಡುವುದು ಕಟ್ಟೆಯ ಹತ್ತಿರದ ಕ್ಷೌರದಂಗಡಿಯಲ್ಲಿ. ಆ ದಿನಗಳಲ್ಲಿ ನಾನು ಓದಿದ್ದಕ್ಕಿಂತ ಕಾದದ್ದು ಹೆಚ್ಚು.

ರ‍್ಯಾಂಕು ಬಂತು. ದೂರದ ಊರಿನ ಎಂಜಿನಿಯರಿಂಗ್ ಸೀಟೂ ಬಂತು. ಹಾಸ್ಟೆಲು, ಊಟ, ಬಸ್ಸು ಎಂದು ಅಮ್ಮ ಲೆಕ್ಕ ಹಾಕಿದಳು, ರೂಪಾಯಿಯಲ್ಲಿ ಅಲ್ಲ, ಸಾವಿರ ಬೀಡಿಯಲ್ಲಿ. ಲೆಕ್ಕ ಮುಗಿಯಲಿಲ್ಲ. ನಾನು ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿಎ ಸೇರಿದೆ.

ಆಮೇಲಿನದ್ದು ನಿಮಗೆ ಗೊತ್ತಿದ್ದದ್ದೇ. 2021ರಲ್ಲಿ ಕೊರೊನಾದಿಂದ ಪಿಯುಸಿ ಪರೀಕ್ಷೆ ಇಲ್ಲ, ರ‍್ಯಾಂಕು ಸಿಇಟಿ ಒಂದರ ಮೇಲೆ. ಘಟ್ಟದ ಬುಡದ ನಮ್ಮ ಹಳ್ಳಿಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದ ವರ್ಷ ಅದು. 2024ರ ಏಪ್ರಿಲಿನ ಸಿಇಟಿಯಲ್ಲಿ ಪಠ್ಯದಿಂದ ತೆಗೆದುಹಾಕಿದ ಪಾಠಗಳಿಂದಲೇ ಪ್ರಶ್ನೆ ಬಂತು. ಗಲಾಟೆಯಾದ ಮೇಲೆ 50 ಪ್ರಶ್ನೆಗಳನ್ನು ಲೆಕ್ಕದಿಂದ ಬಿಟ್ಟರು. ಬಿಟ್ಟದ್ದು ಸರಿ. ಆದರೆ ಪರೀಕ್ಷೆಯ ಕೋಣೆಯಲ್ಲಿ ಆ ಪ್ರಶ್ನೆಗಳ ಮುಂದೆ ಕಳೆದ ನಿಮಿಷಗಳನ್ನು ಯಾರು ಹಿಂದೆ ಕೊಡುತ್ತಾರೆ? ಪಠ್ಯಪುಸ್ತಕವನ್ನೇ ನಂಬಿ ಕೂತ ಮಗು ಅಲ್ಲಿ ಬೆವರಿತು. ಅದೇ 2024ರಲ್ಲಿ ದಕ್ಷಿಣ ಕನ್ನಡ ಶೇಕಡಾ 97.37 ಪಾಸಾಗಿ ಪಿಯುಸಿಯಲ್ಲಿ ರಾಜ್ಯಕ್ಕೆ ಮೊದಲು; 2025ರಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. ಪಟಾಕಿ ಹೊಡೆಯುತ್ತಾರೆ. ಪರೀಕ್ಷೆಗೆ ಕೂತವರನ್ನು ನೂರಕ್ಕೆ ಭಾಗಿಸುವ ಲೆಕ್ಕ ಇದು. ಎಸ್ಸೆಸ್ಸೆಲ್ಸಿ ಆದ ಮೇಲೆ ಗಾರೆ ಕೆಲಸಕ್ಕೆ ಹೋದ ನನ್ನ ತಮ್ಮ ಯಾವ ಶೇಕಡಾದಲ್ಲಿಯೂ ಇಲ್ಲ.

ನಮ್ಮ ಕಾಲೊನಿಯಿಂದ ಈ ಸಲ ಇಬ್ಬರು ಹುಡುಗಿಯರು ಎರಡೂ ಪರೀಕ್ಷೆಗೆ ಕೂರುತ್ತಿದ್ದಾರೆ. ಭಾನುವಾರ ನಮ್ಮ ಜಗಲಿಗೆ ಬರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಇಟ್ಟಿದ್ದೇನೆ. ಬೆಳಿಗ್ಗೆ ಉದ್ದ ಉತ್ತರ ಬರೆಸುತ್ತೇನೆ, ಮಧ್ಯಾಹ್ನ ಮೊಬೈಲಿನಲ್ಲಿ 80 ನಿಮಿಷ ಇಟ್ಟು 60 ಪ್ರಶ್ನೆ ಕೊಡುತ್ತೇನೆ. ಅಮ್ಮ ಬದಿಯಲ್ಲಿ ಕೂತು ಬೀಡಿ ಕಟ್ಟುತ್ತಿರುತ್ತಾಳೆ. ಹೋದ ವಾರ ಅವರಲ್ಲಿ ಒಬ್ಬಳು ತಲೆಯೆತ್ತಿ ಕೇಳಿದಳು: "ಅಕ್ಕ, ಈ ಪಾಠ ಪಿಯುಸಿಗೆ ಇಲ್ಲ. ಸಿಇಟಿಗೆ ಬರಬಹುದಾ?"

ನಾನು ಬಾಯಿ ತೆರೆಯುವ ಮೊದಲು ಅಮ್ಮನೇ ಹೇಳಿದಳು: "ಓದಿ ಇಡು ಮಗಾ. ಅವರನ್ನು ನಂಬಬೇಡ."