ಮರೆಮಾಚಿದ ಸಲಿಂಗಾಸಕ್ತಿ ಮತ್ತು ವಿವಾಹ (ವಲಸಿಗ ಕೊಡವರು)

ಸಲಿಂಗಾಸಕ್ತಿಯನ್ನು ಕುಟುಂಬಕ್ಕೆ ತಿಳಿಸದೆ ಭಿನ್ನಲಿಂಗದವರೊಡನೆ ವಿವಾಹವಾಗಿ, ವೃದ್ಧಾಪ್ಯದವರೆಗೂ ನಡೆಸಿಕೊಂಡು ಬರುವ ದಾಂಪತ್ಯವು ಮೊದಲ ತಲೆಮಾರಿನ ವಲಸಿಗರ ಕುರಿತ ಅಧ್ಯಯನಗಳಲ್ಲಿ ಚರ್ಚಿತವಾಗುವ ವಿಷಯ. ಕೊಡಗಿನ ಸಂದರ್ಭದಲ್ಲಿ ಸಲಿಂಗ ವಿವಾಹದ ಚರ್ಚೆ ಬಹಿರಂಗವಾದದ್ದು 2020ರಲ್ಲಿ. ಆ ವರ್ಷ ಕೊಡವ ಮೂಲದ ವ್ಯಕ್ತಿಯೊಬ್ಬರು ಕ್ಯಾಲಿಫೋರ್ನಿಯಾದಲ್ಲಿ ಸಾಂಪ್ರದಾಯಿಕ ಉಡುಪು ಧರಿಸಿ ಪುರುಷ ಸಂಗಾತಿಯನ್ನು ವರಿಸಿದರು. ಆ ಉಡುಪಿನ ಬಳಕೆಗೆ ಮಡಿಕೇರಿಯ ಕೊಡವ ಸಮಾಜ ಆಕ್ಷೇಪ ವ್ಯಕ್ತಪಡಿಸಿತು.

== ಹಿನ್ನೆಲೆ ==
ಕೊಡವರಲ್ಲಿ ವಿವಾಹವು ಎರಡು ಒಕ್ಕಗಳ ನಡುವಿನ ಸಂಬಂಧ. ಪುರೋಹಿತರಿಲ್ಲದ ಈ ಮದುವೆಯಲ್ಲಿ ಅರುವರು 'ಸಂಬಂಧ ಅಡಕುವ' ವಿಧಿಯ ಮೂಲಕ ವಧುವಿಗೆ ವರನ ಒಕ್ಕದ ಹಕ್ಕುಗಳನ್ನು ವಹಿಸುತ್ತಾರೆ. ಗಂಡು ಸಂತಾನವಿಲ್ಲದ ಒಕ್ಕ ಅಳಿಯದಿರಲೆಂದು 'ಒಕ್ಕಪರಿಜೆ' ಎಂಬ ಪ್ರತ್ಯೇಕ ವಿವಾಹಪದ್ಧತಿಯೂ ಇದೆ. ಇಂಥ ವ್ಯವಸ್ಥೆಯಲ್ಲಿ ಅವಿವಾಹಿತರಾಗಿ ಉಳಿಯುವುದು ಒಬ್ಬರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ವಿದೇಶಕ್ಕೆ ಹೋದರೆ ಮರೆಮಾಚಬೇಕಿಲ್ಲ ಎಂಬ ಭಾವನೆ ಹಿರಿಯ ವಲಸಿಗರ ಮಟ್ಟಿಗೆ ಸರಿಯಲ್ಲ. ಭಾರತೀಯರ ವಲಸೆಗೆ ದಾರಿ ತೆರೆದ ಅಮೆರಿಕದ 1965ರ ಕಾಯಿದೆಯೇ ಸಲಿಂಗಾಸಕ್ತರ ಪ್ರವೇಶವನ್ನು ನಿರ್ಬಂಧಿಸಿತ್ತು. ಆ ನಿರ್ಬಂಧ ತೆರವಾದದ್ದು 1990ರ ಕಾಯಿದೆಯಿಂದ. ಅಲ್ಲಿ ಸಲಿಂಗ ವಿವಾಹಕ್ಕೆ ರಾಷ್ಟ್ರವ್ಯಾಪಿ ಮಾನ್ಯತೆ ದೊರೆತದ್ದು 2015ರಲ್ಲಿ.

== ಸಂಗಾತಿಯ ಸ್ಥಿತಿ ==
ಚರ್ಚೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ವಿಷಯ ತಿಳಿಯದೆ ಮದುವೆಯಾದ ಪತಿ ಅಥವಾ ಪತ್ನಿಯ ಪಾಡು. 1955ರ ಹಿಂದೂ ವಿವಾಹ ಕಾಯಿದೆಯ 12ನೇ ವಿಧಿಯಂತೆ, ವಂಚನೆಯ ಕಾರಣದಿಂದ ವಿವಾಹವನ್ನು ರದ್ದುಪಡಿಸಲು ವಂಚನೆ ಬಯಲಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಿಳಿದ ಮೇಲೂ ಸ್ವಇಚ್ಛೆಯಿಂದ ಸಂಸಾರ ಮುಂದುವರಿಸಿದವರಿಗೆ ಈ ಪರಿಹಾರವಿಲ್ಲ; ಅವರಿಗೆ ವಿಚ್ಛೇದನದ ದಾರಿಯಷ್ಟೇ ಉಳಿಯುತ್ತದೆ.

== ಭಾರತದ ಕಾನೂನು ==
ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು 2023ರ ಅಕ್ಟೋಬರ್ 17ರಂದು ನಿರಾಕರಿಸಿತು.