ಚಿನ್ನದ ಊರಿನ ಕೋವಿಗಳು: ಕೆ.ಜಿ.ಎಫ್–ಬಂಗಾರಪೇಟೆ ಸೀಮೆಯ ಹಿಂಸಾಪರಾಧ ಮತ್ತು ಆತ್ಮರಕ್ಷಣೆಯ ಪ್ರಶ್ನೆ

2018ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ತೆರೆಗೆ ಬಂದ ‘ಕೆ.ಜಿ.ಎಫ್’ ಸಿನಿಮಾದಿಂದಾಗಿ ಈ ಊರಿನ ಹೆಸರಿಗೂ ಬಂದೂಕಿಗೂ ಹೊರಗಿನವರ ಮನಸ್ಸಿನಲ್ಲಿ ಗಂಟು ಬಿದ್ದಿದೆ. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗುವ ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ರೀಫ್ ಜನರಿಗೆ ಇದು ನಗೆಪಾಟಲಿನ ಮಾತು. ಆದರೂ ಕೋವಿ ಈ ಊರಿನ ಚರಿತ್ರೆಯಲ್ಲಿ ಇಲ್ಲವೆಂದಲ್ಲ. ಅದು ಯಾರ ಹೆಗಲ ಮೇಲಿತ್ತು, ಏನನ್ನು ಕಾಯುತ್ತಿತ್ತು, ಇಲ್ಲಿನ ಸಾಮಾನ್ಯರ ಜೀವ ತೆಗೆದದ್ದು ಅದೇ ಕೋವಿಯೋ ಬೇರೆ ಆಯುಧವೋ ಎಂಬುದನ್ನು ನೋಡದೆ, ಆತ್ಮರಕ್ಷಣೆಗೆ ಪ್ರತಿಯೊಬ್ಬರಿಗೂ ಕೋವಿ ಬೇಕು ಎನ್ನುವ ವಾದವನ್ನು ಒಪ್ಪುವುದಾಗಲಿ ತಳ್ಳುವುದಾಗಲಿ ಸಾಧ್ಯವಿಲ್ಲ.

ಮೈಕೆಲ್ ಲೆವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಇಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಬಯಲು ಊರಾಯಿತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಕಾರ್ಮಿಕರಲ್ಲಿ ಬಹುಪಾಲು ದಲಿತರು. ಅವರಿಗೆ ತಟ್ಟಿ, ತಗಡಿನ ಲೈನ್ ಮನೆಗಳು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಅದರ ಮರುವರ್ಷ, 1903ರಲ್ಲಿ, ಐರೋಪ್ಯರು ಮತ್ತು ಆಂಗ್ಲೋ ಇಂಡಿಯನ್ನರನ್ನು ಸೇರಿಸಿ ಇಲ್ಲಿಯೇ ಒಂದು ರೈಫಲ್ ಸ್ವಯಂಸೇವಕ ದಳ ಕಟ್ಟಲಾಯಿತು. 1920ರ ಆಕ್ಸಿಲಿಯರಿ ಫೋರ್ಸ್ ಕಾನೂನಿನ ನಂತರ ಅದು ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂಬ ಹೆಸರಿನಲ್ಲಿ ಸ್ವಾತಂತ್ರ್ಯ ಬರುವ ತನಕ ಮುಂದುವರಿಯಿತು. ಬ್ರಿಟಿಷ್ ಇಂಡಿಯಾದಲ್ಲಿ 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಐರೋಪ್ಯರನ್ನು ಬಹುಕಾಲ ಅದರಿಂದ ಹೊರಗಿಟ್ಟಿತ್ತು. ಮೈಸೂರು ಸಂಸ್ಥಾನದ ನೆಲದಲ್ಲಿದ್ದ ಗಣಿಯಲ್ಲೂ ನಡೆದದ್ದು ಅದೇ ತರ್ಕ: ಆಯುಧ ಹಿಡಿಯುವವನು ಮ್ಯಾನೇಜರನ ಕಡೆಯವನು, ತಪಾಸಣೆಗೆ ನಿಲ್ಲುವವನು ಕೂಲಿ.

ಕಂಪನಿಯ ಕಣ್ಣಿಗೆ ಈ ಊರಿನ ಮಹಾಪರಾಧ ಕೊಲೆಯಾಗಿರಲಿಲ್ಲ, ಚಿನ್ನದ ಕಳವು. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನ ಬಟ್ಟೆ ಬಿಚ್ಚಿಸಿ ಹುಡುಕುವುದು ದಿನಚರಿಯೇ ಆಗಿತ್ತು. ಅದಿರಿನ ತುಂಡು ಕೈಯಲ್ಲಿ ಸಿಕ್ಕರೆ ಅದು ಕಳವಿನದಲ್ಲವೆಂದು ತೋರಿಸುವ ಹೊಣೆಯನ್ನು ಸಂಸ್ಥಾನದ ಗಣಿ ಕಾನೂನು ಸಿಕ್ಕಿಬಿದ್ದವನ ಮೇಲೆಯೇ ಹೊರಿಸಿತ್ತು. ಬೇರೆಡೆಯ ಅಪರಾಧ ಕಾನೂನಿನಲ್ಲಿ ಆರೋಪ ಹೊರಿಸಿದವನೇ ಸಾಕ್ಷ್ಯ ತರಬೇಕು. ಇಲ್ಲಿ ಲೆಕ್ಕ ತಿರುವುಮುರುವು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಕೃತಿ ಈ ಕಾವಲು ವ್ಯವಸ್ಥೆಯನ್ನು ಸಂಸ್ಥಾನದ ಕಾರ್ಮಿಕ ಚರಿತ್ರೆಯ ಭಾಗವಾಗಿ ನೋಡಿದೆ. ಕಾರ್ಮಿಕರ ಬೆರಳಚ್ಚು ಪಡೆಯುವ ಹೊಸ ಪದ್ಧತಿಯ ವಿರುದ್ಧ 1930ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಬೆರಳಚ್ಚು ಕೊಡುವುದೆಂದರೆ ಕಳ್ಳರ ಪಟ್ಟಿಗೆ ಸೇರಿದಂತೆ ಎಂದು ಕಾರ್ಮಿಕರು ತಿಳಿದದ್ದರಲ್ಲಿ ಅತಿಶಯವೇನಿರಲಿಲ್ಲ.

ಇಂಥ ಸೀಮೆಯಲ್ಲಿ ಕೋವಿ ಸದ್ದು ಮಾಡಿದಾಗ ಅದರ ಗುರಿ ಎತ್ತ ಇತ್ತು? 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. 1946ರ ನವೆಂಬರ್ 4ರಂದು ಕೆ.ಜಿ.ಎಫ್ ಕಾರ್ಮಿಕರ ಹೋರಾಟದ ವೇಳೆ ನಡೆದ ಗೋಲಿಬಾರಿನಲ್ಲಿ 6 ಮಂದಿ ಕಾರ್ಮಿಕರು ಪ್ರಾಣ ತೆತ್ತರು. ಗಣಿಯ ಕಾರ್ಮಿಕ ಸಂಘಟನೆಗಳು ಆ ದಿನವನ್ನು ಹುತಾತ್ಮರ ದಿನವೆಂದು ನೆನೆಯುತ್ತ ಬಂದಿವೆ.

ಆತ್ಮರಕ್ಷಣೆಗೆ ಆಯುಧ ಎಂಬ ವಾದ ಅಮೆರಿಕದಿಂದ ಆಮದಾದದ್ದು ಎನ್ನುವವರಿದ್ದಾರೆ. ಅದು ಸರಿಯಲ್ಲ. 1931ರ ಕರಾಚಿ ಕಾಂಗ್ರೆಸ್ ಒಪ್ಪಿದ ಮೂಲಭೂತ ಹಕ್ಕುಗಳ ಗೊತ್ತುವಳಿಯಲ್ಲೇ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಸೇರಿತ್ತು. ನಿರಾಯುಧರನ್ನಾಗಿ ಮಾಡಿ ಆಳಿದವರ ವಿರುದ್ಧ ಎದ್ದ ಜನಾಂಗಕ್ಕೆ ಅದು ಸಹಜವಾದ ಬೇಡಿಕೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅದನ್ನು ಒಪ್ಪದವರು ಅಂಬೇಡ್ಕರ್. ಪ್ರತಿಯೊಬ್ಬನೂ ಅಂಗಡಿಗೆ ಹೋಗಿ ತಡೆಯಿಲ್ಲದೆ ಆಯುಧ ಕೊಳ್ಳುವಂತಾದರೆ ರಾಜ್ಯಾಡಳಿತ ನಡೆಯುವುದು ಹೇಗೆ ಎಂಬುದು ಅವರ ಉತ್ತರದ ಸಾರ. ತಿದ್ದುಪಡಿ ಬಿದ್ದುಹೋಯಿತು. ಅಂಬೇಡ್ಕರ್ ಹೆಸರಿನ ಮೇಲೆ ರಿಪಬ್ಲಿಕನ್ ಪಕ್ಷದವರನ್ನು ವಿಧಾನಸಭೆಗೆ ಕಳಿಸಿದ ಕೆ.ಜಿ.ಎಫ್‌ನಲ್ಲಿ ಈ ಪ್ರಸಂಗ ಹೆಚ್ಚು ಚರ್ಚೆಯಾಗಬೇಕಿತ್ತು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಮುಚ್ಚಿದ ಗಣಿಯ ಸುತ್ತ ಕಳವೂ ಬಡವಾಯಿತು: ಕಬ್ಬಿಣ, ತಾಮ್ರದ ತಂತಿ, ಚಿನ್ನದ ಆಸೆಯಿಂದ ಒಂದು ಮೂಟೆ ಮಣ್ಣು. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿಯ ಪಾಳುಗಣಿಯೊಳಗೆ ಕದಿಯಲು ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. 1997ರಲ್ಲಿ ಕುಪ್ಪಂನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೌಡಿ ತಂಗಂನ ಕಥೆ ಊರಿನಲ್ಲಿ ಇನ್ನೂ ಓಡಾಡುತ್ತದೆ. ಸಿನಿಮಾ ಬಂದಾಗ ಅದು ಅವನದೇ ಕಥೆ ಎಂದು ಮನೆಯವರು ಕೋರ್ಟು ಹತ್ತಿದ್ದೂ ಉಂಟು. ಆದರೆ ರೌಡಿಗಳ ಕಥೆ ಎಷ್ಟೇ ರೋಚಕವಾಗಿರಲಿ, ಈ ಸೀಮೆಯ ಸಾವುಗಳನ್ನು ಅರ್ಥಮಾಡಿಕೊಳ್ಳಲು ಅದು ಸಾಲದು.

ಮೊದಲು ಬಂಗಾರಪೇಟೆ ತಾಲ್ಲೂಕನ್ನು ನೋಡಿ. 2020ರ ಜುಲೈ 9ರಂದು ಕಳವಂಚಿ ಗ್ರಾಮದಲ್ಲಿ ಜಮೀನಿನ ಸರ್ವೆಗೆ ಹೋಗಿದ್ದ ತಹಸೀಲ್ದಾರ್ ಬಿ.ಕೆ. ಚಂದ್ರಮೌಳೇಶ್ವರ ಅವರನ್ನು ಚಾಕುವಿನಿಂದ ಇರಿದು ಕೊಲ್ಲಲಾಯಿತು. ಬಂಧಿತನಾದವನು ನಿವೃತ್ತ ಶಿಕ್ಷಕ. ಕಾರಣ ಗಡಿಕಲ್ಲಿನ ತಕರಾರು. ತಾಲ್ಲೂಕಿನ ದಂಡಾಧಿಕಾರಿಯೇ ಹೀಗೆ ಸತ್ತರು. 2023ರ ಜೂನ್‌ನಲ್ಲಿ ಬೋಡಗುರ್ಕಿಯಲ್ಲಿ ದಲಿತ ಯುವಕನನ್ನು ಪ್ರೀತಿಸಿದ ಮಗಳನ್ನು ಕೊಂದ ಆರೋಪ ಹೊತ್ತವನು ಹೆತ್ತ ತಂದೆ. ಸುದ್ದಿ ಕೇಳಿದ ಹುಡುಗ ರೈಲಿಗೆ ತಲೆಕೊಟ್ಟ. ಅದೇ ವರ್ಷ ಅಕ್ಟೋಬರಿನಲ್ಲಿ ಪಕ್ಕದ ಶ್ರೀನಿವಾಸಪುರದ ಕಾಂಗ್ರೆಸ್ ಮುಖಂಡ ಎಂ. ಶ್ರೀನಿವಾಸನ್ ಅವರನ್ನು ಮಚ್ಚಿನಿಂದ ಕೊಚ್ಚಿದರು. ಮೂರರಲ್ಲೂ ಜೀವ ತೆಗೆದದ್ದು ಕೋವಿಯಲ್ಲ. ಮೊದಲೆರಡರಲ್ಲಿ ಆರೋಪ ಹೊತ್ತವನು ಅಪರಿಚಿತನೂ ಅಲ್ಲ: ಒಬ್ಬ ಗಡಿಕಲ್ಲಿನ ತಕರಾರಿನ ಕಡೆಯವನು, ಇನ್ನೊಬ್ಬ ಒಂದೇ ಮನೆಯಲ್ಲಿ ಉಂಡವನು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕವೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. 2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆ ಪ್ರಕರಣಗಳಲ್ಲಿ ‘ಜಗಳ, ತಕರಾರು’ ಕಾರಣವಾದವು 9,962. ಲಾಭಕ್ಕಾಗಿ ನಡೆದವು 1,884. ಕತ್ತಲಲ್ಲಿ ಎರಗುವ ದರೋಡೆಕೋರನ ಚಿತ್ರವನ್ನು ಮುಂದಿಟ್ಟು ಕೋವಿ ಕೇಳುವವರು ಈ ಅಂತರವನ್ನು ಗಮನಿಸಬೇಕು. ಬೋಡಗುರ್ಕಿಯ ಆ ಮನೆಯಲ್ಲಿ ಲೈಸೆನ್ಸಿನ ಪಿಸ್ತೂಲೊಂದು ಇದ್ದಿದ್ದರೆ ಅದು ಇರುತ್ತಿದ್ದುದು ಮಗಳ ಕೈಯಲ್ಲಲ್ಲ.

ಹಾಗೆಂದು ಕೋವಿಯ ಪರವಾದ ವಾದವೆಲ್ಲ ಪೊಳ್ಳೆಂದು ಮುಗಿಸಲು ಕಂಬಾಲಪಲ್ಲಿ ಬಿಡುವುದಿಲ್ಲ. ಆಗಿನ ಕೋಲಾರ ಜಿಲ್ಲೆಯ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ, ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೊಲೀಸರು ಕಾಯಲಿಲ್ಲ, ನ್ಯಾಯಾಲಯದಲ್ಲಿ ನ್ಯಾಯ ದಕ್ಕಲಿಲ್ಲ. ಇಂಥವರು ‘ನಮ್ಮ ಜೀವ ನಾವೇ ಕಾಯ್ದುಕೊಳ್ಳುತ್ತೇವೆ’ ಎಂದರೆ ನಗರದ ವಿದ್ವಾಂಸ ಯಾವ ಬಾಯಲ್ಲಿ ಬೇಡವೆನ್ನಬೇಕು?

ಕಾನೂನು ಈ ಪ್ರಶ್ನೆಯನ್ನು ಕಂಬಾಲಪಲ್ಲಿಗಿಂತ ಐದು ವರ್ಷ ಮೊದಲೇ ಎದುರಿಸಿತ್ತು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಯಡಿ ರೂಪಿಸಿದ 1995ರ ನಿಯಮಗಳಲ್ಲಿ 3ನೆಯದನ್ನು ಓದಿ. ದೌರ್ಜನ್ಯಕ್ಕೆ ಗುರಿಯಾಗಬಹುದಾದ ಪ್ರದೇಶಗಳನ್ನು ರಾಜ್ಯ ಸರ್ಕಾರ ಗುರುತಿಸಬೇಕು. ಅಲ್ಲಿ ಅಗತ್ಯ ಕಂಡರೆ ಪರಿಶಿಷ್ಟರಲ್ಲದವರ ಆಯುಧ ಪರವಾನಗಿಗಳನ್ನು ರದ್ದುಮಾಡಿ ಕೋವಿಗಳನ್ನು ಸರ್ಕಾರದ ಶಸ್ತ್ರಾಗಾರದಲ್ಲಿ ಇರಿಸಿಕೊಳ್ಳಬೇಕು. ಅಕ್ರಮ ಕೋವಿಗಳನ್ನು ವಶಪಡಿಸಿಕೊಳ್ಳಬೇಕು. ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಜೀವ ಮತ್ತು ಆಸ್ತಿ ರಕ್ಷಣೆಗೆ ಪರವಾನಗಿ ಕೊಡಬೇಕು. ನಿಯಮದಲ್ಲಿ ಬಂದಿರುವ ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ. ಬಲವಂತನ ಆಯುಧ ಕಿತ್ತುಕೊಳ್ಳುವುದು ಮೊದಲು, ದುರ್ಬಲನಿಗೆ ಕೊಡುವುದು ಆಮೇಲೆ. ಎಲ್ಲರಿಗೂ ಕೋವಿ ಕೊಡಿ ಎನ್ನುವವರ ಲೆಕ್ಕದಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ.

ಏಕೆಂದರೆ 1959ರ ಶಸ್ತ್ರ ಕಾಯಿದೆಯಡಿ ಕೋವಿ ದಕ್ಕುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಅರ್ಜಿ ಕೋಲಾರದ ಜಿಲ್ಲಾಧಿಕಾರಿಗೆ ಹೋಗಬೇಕು. ಬಂಗಾರಪೇಟೆ, ಕೆ.ಜಿ.ಎಫ್ ಕಡೆಯವರದಾದರೆ ಕೆ.ಜಿ.ಎಫ್‌ನ ಪ್ರತ್ಯೇಕ ಪೊಲೀಸ್ ಜಿಲ್ಲೆಯಿಂದ ವರದಿ ಬರಬೇಕು. 2016ರ ನಿಯಮಗಳ ಪ್ರಕಾರ ಆಯುಧ ಬಳಕೆಯ ತರಬೇತಿಯೂ ಆಗಿರಬೇಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕು. ನಿರ್ಭಯಾ ಪ್ರಕರಣದ ನಂತರ, 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಹೊರತಂದಾಗ ಬೆಲೆ 1 ಲಕ್ಷದ 22 ಸಾವಿರ ದಾಟಿತ್ತು. ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಆ ದುಡ್ಡನ್ನು ಎಲ್ಲಿಂದ ತರಬೇಕು? ಅವಳಿಗೆ ಬೇಕಾದದ್ದು ರಾತ್ರಿ ಸ್ಟೇಷನ್ನಿನಿಂದ ಲೈನ್ ಮನೆಯವರೆಗೆ ಬೀದಿದೀಪ.

ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಒಪ್ಪಿತು. ಆದರೆ ಅಲ್ಲಿ ಕೋವಿ ಕೈಲ್ ಪೊಳ್ದ್ ಹಬ್ಬದ ಪೂಜೆಗೆ, ಹುಟ್ಟು–ಸಾವಿನ ಆಚರಣೆಗೆ ಸೇರಿದ್ದು. ಅಪರಾಧಕ್ಕೆ ಅಂಜಿ ಕೊಂಡದ್ದಲ್ಲ. ಕೋಲಾರದ ಬಯಲಿಗೆ ಆ ವಾದ ಹೊಂದುವುದಿಲ್ಲ. ಇಲ್ಲಿ ಕೋವಿಯನ್ನು ನಿಜಕ್ಕೂ ಕೇಳುವವರು ಬಂಗಾರಪೇಟೆ ತಾಲ್ಲೂಕಿನ ಗಡಿಯಂಚಿನ ರೈತರು. ಆಂಧ್ರ, ತಮಿಳುನಾಡು ಕಾಡಿನಿಂದ ಆನೆಗಳು ಕಾಮಸಮುದ್ರ, ಬೂದಿಕೋಟೆ ಕಡೆ ಇಳಿದು ರಾಗಿ, ಟೊಮೆಟೊ ತುಳಿಯುತ್ತವೆ, ಮನುಷ್ಯರೂ ಸತ್ತಿದ್ದಾರೆ. ಬೆಳೆ ರಕ್ಷಣೆಯ ಪರವಾನಗಿ ಕಾನೂನಿನಲ್ಲಿದೆ. ಆದರೆ ಆನೆಗೆ ಗುಂಡು ಹೊಡೆಯುವಂತಿಲ್ಲ. ಅದು ಅರಣ್ಯ ಇಲಾಖೆ ತೀರಿಸಬೇಕಾದ ಸಾಲ.

ಖಾಸಗಿ ರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ 34ರಿಂದ 44ರವರೆಗಿನ ಕಲಮುಗಳಲ್ಲಿ ಕೊಟ್ಟಿದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಕಟ್ಟಳೆಯೊಂದಿಗೆ. ಆ ಹಕ್ಕು ಕೋವಿ ಇಲ್ಲದವನಿಗೂ ಇದೆ. ಕೋವಿ ಇದ್ದರೆ ಜೀವ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದದ್ದು ಕ್ಷಣಗಳಲ್ಲಿ. ಅಲ್ಲಿ ಸೊಂಟದ ಪಿಸ್ತೂಲಿಗೆ ಕೈಹಾಕುವ ಹೊತ್ತು ಯಾರಿಗೂ ಸಿಗುತ್ತಿರಲಿಲ್ಲ.

ಆದ್ದರಿಂದ ಕೋಲಾರ ಸೀಮೆಯಲ್ಲಿ ಕೋವಿಯ ಚರ್ಚೆ ನಡೆಯುವುದಾದರೆ ಅದು ಸಿನಿಮಾದಿಂದಲೂ ಬೇಡ, ಅಮೆರಿಕದಿಂದಲೂ ಬೇಡ, 1995ರ ನಿಯಮಗಳ 3ನೆಯದರಿಂದ ಶುರುವಾಗಲಿ. ಈ ನಿಯಮದಡಿ ಯಾವ ಊರುಗಳನ್ನು ಗುರುತಿಸಲಾಗಿದೆ, ಎಷ್ಟು ಪರವಾನಗಿ ರದ್ದಾಗಿವೆ, ಎಷ್ಟು ಹೊಸದಾಗಿ ಕೊಟ್ಟಿದ್ದಾರೆ ಎಂಬ ಪಟ್ಟಿಯನ್ನು ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಡಳಿತಗಳು ಜನರ ಮುಂದಿಡಲಿ. ಮುಂದಿಡದಿದ್ದರೆ ಮಾಹಿತಿ ಹಕ್ಕಿನಡಿ ಓದುಗರು ಕೇಳಲಿ.